ಗೋಪಿನಾಥಂ ಗುಡಿಯ ಭಾವಚಿತ್ರ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಹೊಗೇನಕಲ್ ಕಡೆ ಹೊರಟವರಿಗೆ ಕಾಡಿನ ನಡುವೆ ಗೋಪಿನಾಥಂ ಸಿಗುತ್ತದೆ. ವೀರಪ್ಪನ್ ಹುಟ್ಟೂರೆಂದೇ ಎಲ್ಲರ ಬಾಯಲ್ಲಿರುವ ಊರು. ಆದರೆ ಇಲ್ಲಿಯ ಮಾರಿಯಮ್ಮನ ಗುಡಿಯಲ್ಲಿ ಜನ ಕೈಮುಗಿಯುವ ಭಾವಚಿತ್ರ ಅವನದಲ್ಲ. ಅವನ ಬೆನ್ನುಹತ್ತಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು!

ಬಂದೂಕಿಗಿಂತ ಜನರ ವಿಶ್ವಾಸವೇ ಮೇಲೆಂದು ನಂಬಿದ ಅವರು ಊರಿನ ಬಡವರಿಗೆ ಮನೆ, ಔಷಧಿಯ ಏರ್ಪಾಡು ಮಾಡಿಸಿದರು. ಈ ಗುಡಿಯನ್ನೂ ಕಟ್ಟಿಸಿದರು. 1991ರ ನವೆಂಬರ್ 10ರಂದು, ಶರಣಾಗುತ್ತೇನೆಂಬ ವೀರಪ್ಪನ್ ಮಾತು ನಂಬಿ ನಿರಾಯುಧರಾಗಿ ಹೋದವರು ಅವನ ಗುಂಪಿನಿಂದ ಹತರಾದರು. ಸರ್ಕಾರ ಮರಣೋತ್ತರ ಕೀರ್ತಿಚಕ್ರ ನೀಡಿತು.

ಸಂಬಳಕ್ಕೆ ದುಡಿಯುವವರಿಗೆ ವಿಶೇಷ ಗೌರವವೇಕೆ ಎಂದು ಕೇಳುವವರುಂಟು. ಸಂಬಳ ದುಡಿಮೆಗೆ ತಾನೆ, ಪ್ರಾಣಕ್ಕಲ್ಲವಲ್ಲ! ಗೌರವ ಸಲ್ಲಲೇಬೇಕು. ಆದರೆ ಅದು ದೊಡ್ಡ ಹುದ್ದೆಯವರಿಗಷ್ಟೇ ಸಂದರೆ ಸಾಲದು. ಕಳ್ಳಬೇಟೆ ತಡೆ ಶಿಬಿರದ ದಿನಗೂಲಿ ಕಾವಲುಗಾರ ಆನೆಗೆ ಸಿಕ್ಕಿ ಸತ್ತರೆ ಪತ್ರಿಕೆಯಲ್ಲಿ ನಾಲ್ಕು ಸಾಲು. ಆಮೇಲೆ ಆ ಹೆಸರು ಮನೆಯವರಿಗಷ್ಟೇ ನೆನಪು.

ರಾಜಸ್ಥಾನದ ಖೇಜಡ್ಲಿಯಲ್ಲಿ 1730ರಲ್ಲಿ ಮರಗಳಿಗಾಗಿ ಮಡಿದ ಬಿಷ್ಣೋಯಿ ಜನರ ನೆನಪಿಗೆ 2013ರಲ್ಲಿ ಸೆಪ್ಟೆಂಬರ್ 11ನ್ನು ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನವೆಂದು ಸಾರಲಾಯಿತು. ಅಂದು ಬೆಂಗಳೂರಿನ ಅರಣ್ಯ ಭವನದಲ್ಲಿ ಅಧಿಕಾರಿಗಳ ಜೊತೆಗೆ ಗಾರ್ಡುಗಳನ್ನೂ ವಾಚರುಗಳನ್ನೂ ನೆನೆಯುತ್ತಾರೆ.