ಹೊಳೆ ದಾಟಿಸಿದ ಅಂಬಿಗ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬ ಗಾದೆಯು ನಮ್ಮ ನಾಡಿನಲ್ಲಿ ಬಹಳ ಹಳೆಯದು. ಇದನ್ನು ಆಡುವವರು ಯಾರೂ ನೀತಿಯೆಂದು ಆಡುವುದಿಲ್ಲ. ಲೋಕದ ನಡತೆ ಹೀಗಿದೆಯಲ್ಲಾ ಎಂಬ ವ್ಯಸನದಿಂದಲೇ ಆಡುತ್ತಾರೆ. ಆದರೆ ಒಂದು ಹೊಳೆಯನ್ನು ಸುಖವಾಗಿ ದಾಟಿಸಿದ ಅಂಬಿಗನನ್ನು, ಮತ್ತೊಂದು ಹೊಳೆಯ ನಡುವೆ ದೋಣಿ ಸ್ವಲ್ಪ ಓಲಾಡಿತೆಂಬ ಕಾರಣಕ್ಕಾಗಿ ಇಳಿಸಿಬಿಡುವವರ ವಿಷಯದಲ್ಲಿ ಗಾದೆಯು ಮೌನವಾಗಿದೆ. ಅಂತಹ ಸಂಗತಿಯೊಂದು ನಮ್ಮ ಬೆಂಗಳೂರಿನ ಕಾಲ್ಚೆಂಡಾಟದ ಲೋಕದಲ್ಲಿ ನಡೆದುದನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮಕ್ಕಳಿಂದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುತ್ತ ಆಯುಷ್ಯವನ್ನು ಕಳೆದವನಿಗೂ ಕಾಲ್ಚೆಂಡಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಗೊಟ್ಟಿಗೆರೆಯ ನಮ್ಮ ಮನೆಯಲ್ಲಿ ಮೊಮ್ಮಗನೊಬ್ಬನಿದ್ದಾನೆ. ಅವನೊಡನೆ ಕುಳಿತು ಟೀವಿಯಲ್ಲಿ ಪಂದ್ಯಗಳನ್ನು ನೋಡುತ್ತ ನೋಡುತ್ತ, ಆಫ್‌ಸೈಡಿನ ನಿಯಮವು ಪಾಣಿನಿಯ ಸೂತ್ರಗಳಷ್ಟು ಕಠಿನವಲ್ಲವೆಂಬುದನ್ನು ಅರಿತೆನು. ಈ ಆಟವು ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದುದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು 1937 ಮತ್ತು 1938ರಲ್ಲಿಯೇ ರೋವರ್ಸ್ ಕಪ್ಪನ್ನು ಗೆದ್ದು ತಂದಿತ್ತು; ಮೈಸೂರಿನ ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ದೊರೆಯಿತು.

ಬೆಂಗಳೂರು ಎಫ್.ಸಿ. ಎಂಬ ಸಂಸ್ಥೆ ಹುಟ್ಟಿದುದು 2013ರಲ್ಲಿ. 2016ರಲ್ಲಿ ಆಲ್ಬರ್ಟ್ ರೋಕಾ ಎಂಬವರು ಅದರ ಮುಖ್ಯ ತರಬೇತುದಾರರಾಗಿ ಬಂದಾಗ, ಅವರ ಸಹಾಯಕರಾಗಿ ಬಂದವರು ಸ್ಪೇನ್ ದೇಶದ ಕಾರ್ಲೆಸ್ ಕ್ವಾದ್ರಾತ್. 2018ರ ಮಾರ್ಚ್ 17ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿಯೇ, ನಮ್ಮ ಜನರ ಕಣ್ಣೆದುರಿನಲ್ಲಿಯೇ, ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ ಸೋತೆವು. ಆ ವರ್ಷ ರೋಕಾ ಅವರು ಹೊರಟುಹೋಗಲು ಕ್ವಾದ್ರಾತ್ ಅವರಿಗೆ ಪೂರ್ಣ ಹೊಣೆ ಬಂದಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದೇ, ಮುಂಬಯಿಯಲ್ಲಿ ಗೋವೆಯ ತಂಡದ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ಹೊಡೆದ ಒಂದು ಗೋಲಿನಿಂದ ಆ ಪ್ರಶಸ್ತಿ ಬೆಂಗಳೂರಿನದಾಯಿತು. ಲೀಗಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನೂ ಪಡೆದು, ಅಂತಿಮ ಪಂದ್ಯವನ್ನೂ ಗೆದ್ದ ತಂಡ ಅದಕ್ಕೆ ಮೊದಲು ಯಾವುದೂ ಇರಲಿಲ್ಲ. ಸಂಸ್ಥೆಯು ಇದಕ್ಕಿಂತ ಹೆಚ್ಚಾಗಿ ಒಬ್ಬ ಶಿಕ್ಷಕನಿಂದ ಏನನ್ನು ಬಯಸಬಹುದಾಗಿತ್ತು?

ಮರುವರ್ಷ ತಂಡವು ಮೂರನೆಯ ಸ್ಥಾನಕ್ಕೆ ಬಂದು ಉಪಾಂತ್ಯದಲ್ಲಿ ಸೋತಿತು. ಆಮೇಲೆ ಮಹಾಮಾರಿಯ ಕಾಲ. 2020–21ರ ಪಂದ್ಯಗಳೆಲ್ಲವೂ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಬರಿದಾದ ಮೈದಾನಗಳಲ್ಲಿ ನಡೆದುವು. ಬೆಂಗಳೂರು ತಂಡವು ಮೊದಲ ಒಂಬತ್ತು ಪಂದ್ಯಗಳಲ್ಲಿ ಮೂರನ್ನು ಗೆದ್ದು, ಮೂರನ್ನು ಸಮಮಾಡಿಕೊಂಡು, ಮೂರನ್ನು ಸೋತಿತು. ದುರ್ದೈವದಿಂದ ಆ ಮೂರು ಸೋಲುಗಳು ಒಂದರ ಹಿಂದೆ ಒಂದಾಗಿ ಬಂದುವು. 2021ರ ಜನವರಿ 5ರಂದು ಮುಂಬಯಿ ಸಿಟಿ ತಂಡದೆದುರು ಮೂರನೆಯ ಸೋಲು. ಮರುದಿನವೇ ಕ್ವಾದ್ರಾತ್ ಅವರು ಇನ್ನು ನಮ್ಮವರಲ್ಲವೆಂಬ ಪ್ರಕಟಣೆ!

ಇದಕ್ಕೆ ಸಂಸ್ಥೆಯ ಪಕ್ಷದಿಂದ ಹೇಳಬಹುದಾದ ಮಾತಿಲ್ಲದೆ ಇಲ್ಲ. ಇದು ಹಣ ಹೂಡಿ ನಡೆಸುವ ವೃತ್ತಿಯ ಆಟ; ತರಬೇತುದಾರನು ವೇತನ ಪಡೆಯುವವನು, ಫಲ ಬಾರದಿದ್ದರೆ ಹೋಗಬೇಕಾದವನೇ ಎಂದು ಹೇಳುವವರಿದ್ದಾರೆ. ಬದಲಾಯಿಸುವ ಅಧಿಕಾರವು ಯಜಮಾನರಿಗೆ ಇದ್ದೇ ಇದೆಯೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಫಲವೇ ಪ್ರಮಾಣವೆನ್ನುವುದಾದರೆ ಫಲವನ್ನೇ ನೋಡೋಣ. ಅವರ ಕೈಯಲ್ಲಿ ಒಂಬತ್ತು ಪಂದ್ಯಗಳಿಗೆ 12 ಅಂಕಗಳು ಬಂದಿದ್ದುವು. ಅವರು ಹೋದ ಮೇಲಿನ ಹನ್ನೊಂದು ಪಂದ್ಯಗಳಿಗೆ ಬಂದುದು 10. ತಂಡವು ಕೊನೆಗೆ ಏಳನೆಯ ಸ್ಥಾನದಲ್ಲಿ ನಿಂತಿತು. ಅವಸರವು ಕಾರ್ಯವನ್ನೂ ಸಾಧಿಸಲಿಲ್ಲ, ಸೌಜನ್ಯವನ್ನೂ ಉಳಿಸಲಿಲ್ಲ.

ನಮ್ಮ ಊರನ್ನು ಮಾತ್ರ ದೂರುವುದು ನ್ಯಾಯವಲ್ಲ. ಇಂಗ್ಲೆಂಡಿನ ಲೆಸ್ಟರ್ ತಂಡಕ್ಕೆ 2016ರಲ್ಲಿ ಯಾರೂ ಕನಸಿನಲ್ಲಿಯೂ ಎಣಿಸದ ಪ್ರಶಸ್ತಿಯನ್ನು ಗಳಿಸಿಕೊಟ್ಟ ರಾನಿಯೇರಿ ಎಂಬವರನ್ನು 2017ರ ಫೆಬ್ರವರಿಯಲ್ಲಿ, ವರ್ಷ ತುಂಬುವ ಮೊದಲೇ, ಕಳುಹಿಸಿಬಿಟ್ಟರು. ಸ್ಪೇನಿನ ರಿಯಲ್ ಮಾಡ್ರಿಡ್ ಸಂಸ್ಥೆಯಂತೂ 2003ರಲ್ಲಿ ಡೆಲ್ ಬಾಸ್ಕ್ ಅವರನ್ನು ಲೀಗ್ ಗೆದ್ದ ಮರುದಿನವೇ ಬೇಡವೆಂದಿತು. ಅದೇ ಡೆಲ್ ಬಾಸ್ಕ್ 2010ರಲ್ಲಿ ತಮ್ಮ ದೇಶಕ್ಕೆ ವಿಶ್ವಕಪ್ಪನ್ನು ತಂದುಕೊಟ್ಟರು. ಬೆಂಗಳೂರಿನಲ್ಲಿಯೂ 2022ರಲ್ಲಿ ಡ್ಯೂರಾಂಡ್ ಕಪ್ಪನ್ನು ಗೆದ್ದುಕೊಟ್ಟ ಸೈಮನ್ ಗ್ರೇಸನ್ 2023ರ ಡಿಸೆಂಬರಿನಲ್ಲಿ ಹೊರಗಾದರು. ಕ್ವಾದ್ರಾತ್ ಅವರ ಹಣೆಯಬರಹವನ್ನಂತೂ ನೋಡಿ: 2024ರ ಜನವರಿಯಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಸೂಪರ್ ಕಪ್ಪನ್ನು ಗಳಿಸಿಕೊಟ್ಟು, ಹನ್ನೆರಡು ವರ್ಷಗಳ ಬರವನ್ನು ನೀಗಿಸಿದರು, ಅದೇ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯಗಳು ಸೋಲಲು ಅಲ್ಲಿಂದಲೂ ಹೊರಬಿದ್ದರು.

ಕಿಷ್ಕಿಂಧಾಕಾಂಡದ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ರಾಮನಿಂದ ರಾಜ್ಯವನ್ನು ಪಡೆದ ಸುಗ್ರೀವನು ಮಳೆಗಾಲ ಮುಗಿದರೂ ಮಾತನ್ನು ಮರೆತು ಭೋಗದಲ್ಲಿ ಮುಳುಗಿರಲು, ಲಕ್ಷ್ಮಣನು ಕೋಪದಿಂದ ಬಂದು, ಬೇರೆ ಪಾಪಗಳಿಗೆ ಪ್ರಾಯಶ್ಚಿತ್ತವುಂಟು, ಕೃತಘ್ನನಿಗೆ ಇಲ್ಲವೆಂದು ಎಚ್ಚರಿಸುತ್ತಾನೆ. ಆ ಕಥೆಯಲ್ಲಿ ಎರಡು ಪಾಠಗಳಿವೆ. ಉಪಕಾರವನ್ನು ಮರೆಯಬಾರದೆಂಬುದು ಒಂದು. ತಪ್ಪಿದವನನ್ನು ಒಮ್ಮೆ ಎಚ್ಚರಿಸಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಡಬೇಕೆಂಬುದು ಇನ್ನೊಂದು. ಸುಗ್ರೀವನಿಗೆ ಆ ಅವಕಾಶ ದೊರೆಯಿತು, ಅವನು ತಿದ್ದಿಕೊಂಡನು, ಸೀತೆಯ ಸುಳಿವು ಸಿಕ್ಕಿತು.

ನಾನು ಹಿಂದೆ ದುಡಿದ ಶಾಲೆಯೊಂದರಲ್ಲಿ ಗಣಿತದ ಮೇಷ್ಟರೊಬ್ಬರಿದ್ದರು. ಅನೇಕ ವರ್ಷ ಅವರ ಮಕ್ಕಳು ಉತ್ತಮವಾಗಿ ತೇರ್ಗಡೆಯಾದರು. ಒಂದು ವರ್ಷ ಫಲಿತಾಂಶ ಕುಗ್ಗಿತು. ಆಡಳಿತದವರು ಅವರನ್ನು ವರ್ಷದ ನಡುವೆಯೇ ಬಿಡಿಸಿದರು. ಸೋಮವಾರ ಮಕ್ಕಳು ಬಂದು ನೋಡಿದರೆ ಕುರ್ಚಿಯಲ್ಲಿ ಬೇರೊಬ್ಬರು. ಮೇಷ್ಟರಿಗೆ ಸಂಬಳದ ಬಾಕಿ ಸಂದಿತು, ನಿಜ. ಆದರೆ ಮಕ್ಕಳಿಗೆ ನಮಸ್ಕಾರ ಹೇಳುವ ಅವಕಾಶ ಸಲ್ಲಲಿಲ್ಲ. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸಲಿಲ್ಲ.

ಕಂಠೀರವದ ಪಶ್ಚಿಮದ ಸಾಲುಗಳಲ್ಲಿ ನಿಂತು ಹಾಡುವ ಆ ತರುಣರಿಗೂ ಹೀಗೆಯೇ ಆಯಿತು. ಕಪ್ಪನ್ನು ತಂದವರನ್ನು ಬೀಳ್ಕೊಡಲು ಅವರು ಗೋವೆಯ ಮುಚ್ಚಿದ ಬಾಗಿಲುಗಳ ಒಳಗಿರಲಿಲ್ಲ. ಋತು ಮುಗಿಯುವವರೆಗೆ ಕಾದಿದ್ದರೆ ಸಂಸ್ಥೆಗೆ ಹೋಗುತ್ತಿದ್ದುದೇನು? ಬದಲಾಯಿಸಲೇಬೇಕಾಗಿದ್ದರೂ, ಮೈದಾನವು ಮತ್ತೆ ತೆರೆದ ದಿನ ಅವರನ್ನು ಕರೆಸಿ, ಜನರ ಮುಂದೆ ಒಂದು ಶಾಲು ಹೊದಿಸಿ ಕಳುಹಿಸಬಾರದೇ?

ಸಂಸ್ಥೆಗಳನ್ನು ನಡೆಸುವ ಮಹನೀಯರಲ್ಲಿ, ಅವು ಆಟದವಾಗಲಿ ಪಾಠದವಾಗಲಿ, ನನ್ನ ಬಿನ್ನಹವಿಷ್ಟೆ. ಬರಮಾಡಿಕೊಳ್ಳುವಾಗ ಎಲ್ಲರೂ ಹಾರ ಹಾಕುತ್ತಾರೆ; ಅದರಲ್ಲಿ ಹೆಚ್ಚಿನ ಗುಣವೇನೂ ಇಲ್ಲ. ಕಳುಹಿಸಿಕೊಡುವ ರೀತಿಯಲ್ಲಿಯೇ ಮನೆಯ ಸಂಸ್ಕಾರ ತಿಳಿಯುತ್ತದೆ. ಮಕ್ಕಳು ಗೋಲುಗಳನ್ನು ಎಣಿಸುವಂತೆಯೇ ಇದನ್ನೂ ನೋಡಿ ಕಲಿಯುತ್ತಾರೆಂಬುದನ್ನು ದೊಡ್ಡವರು ಮರೆಯದಿರಲಿ.