ಅಂಟಿಸದೆ ಉಳಿದ ಪುಟ

ಅಬ್ಬಾ ತೀರಿಕೊಂಡ ನಾಲ್ಕು ತಿಂಗಳ ನಂತರ ಬೆಟಗೇರಿಯ ಮನೆಯಲ್ಲಿ ಅವರ ಕಬ್ಬಿಣದ ಟ್ರಂಕನ್ನು ತೆರೆದೆವು. ಅಮ್ಮಿಯ ಮದುವೆಯ ಸೀರೆಯ ಕೆಳಗೆ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದಿತ್ತು. ಕಂಡೊಡನೆ ನನಗೆ ಗುರುತು ಹತ್ತಿತು. ಅದು ಅಬ್ಬಾರ ಕ್ರಿಕೆಟ್ ವಹಿ.

ಅಬ್ಬಾ ಗದಗಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಅಲ್ಲಿ ಉಳಿದ ಕಾಗದಗಳನ್ನು ಹೊಲಿದು ಈ ವಹಿ ಮಾಡಿಕೊಂಡಿದ್ದರು. ಓದಿ ಮುಗಿದ ಪತ್ರಿಕೆಗಳಿಂದ ವಿಶ್ವಕಪ್ಪಿನ ಸುದ್ದಿ, ಚಿತ್ರಗಳನ್ನು ಕತ್ತರಿಸಿ ತರುತ್ತಿದ್ದರು. ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕುದಿಸುವುದು ನನ್ನ ಕೆಲಸ. ಹುಳು ಹಿಡಿಯದಿರಲೆಂದು ಹಾಕುವ ಚಿಟಿಕೆ ಮೈಲುತುತ್ತವನ್ನು ಮಾತ್ರ ಅವರೇ ಹಾಕುತ್ತಿದ್ದರು. "ವಿಷ ಅದು, ಮುಟ್ಟಬ್ಯಾಡವ್ವಾ" ಎನ್ನುತ್ತಿದ್ದರು.

ಮೊದಲ ಪುಟಗಳು 1983ರವು. ಜೂನ್ 18ರಂದು ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ರನ್ ಹೊಡೆದಾಗ ಕೊನೆಯವರೆಗೂ ಜೊತೆ ನಿಂತವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ರೋಜರ್ ಬಿನ್ನಿ. ಜೂನ್ 25ರ ಫೈನಲ್ ನಡೆದದ್ದು ರಮಝಾನ್ ತಿಂಗಳಲ್ಲಿ. ಭಾರತ ಕೇವಲ 183ಕ್ಕೆ ಔಟಾಗಿತ್ತು. ತರಾವೀಹ್ ಮುಗಿಸಿ ಬಂದ ಅಬ್ಬಾ ರೇಡಿಯೋದ ಸದ್ದು ತಗ್ಗಿಸಿ ಕಿವಿಗೊಟ್ಟು ಕುಳಿತರಂತೆ. ಪಂದ್ಯ ಮುಗಿದಾಗ ಮಧ್ಯರಾತ್ರಿ. ವೆಸ್ಟ್ ಇಂಡೀಸ್ 140ಕ್ಕೆ ಔಟ್. ಆ ಚಿತ್ರದ ಪಕ್ಕದಲ್ಲಿ ಅಬ್ಬಾರ ಕೈಬರಹ: "ಮಗಳಿಗೆ ಜ್ವರ. ಸಹರಿಯ ಹೊತ್ತಿಗೆ ಇಳಿಯಿತು. ನಾವು ಗೆದ್ದೆವು."

ಆ ಮಗಳು ನಾನೇ. ಆಗ ನನಗೆ ಎರಡು ವರ್ಷ.

ಹೀಗೆ ಪ್ರತಿ ಪುಟದ ಅಂಚಿನಲ್ಲೂ ನಮ್ಮ ಮನೆಯ ಮಾತಿದೆ. 1987ರಲ್ಲಿ ಮುಂಬೈಯ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿಗೆ ಸೋತ ದಿನ: "ಶಿರಹಟ್ಟಿ, ಅಕ್ಕನ ಮನೆ. ಭಾರತ ಸೋತಿತು. ಊಟ ಚೆನ್ನಾಗಿತ್ತು." 1992ರ ಪುಟದಲ್ಲಿ ಲಕ್ಷ್ಮೇಶ್ವರದ ನಾನಿ ತೀರಿಕೊಂಡ ತಾರೀಕಿದೆ. ನಮ್ಮ ಮನೆಯಲ್ಲಿ ಅದನ್ನು ಬೇರೆಲ್ಲೂ ಯಾರೂ ಬರೆದಿಟ್ಟಿಲ್ಲ.

1996ರ ಮಾರ್ಚ್ 9ರ ಪುಟವನ್ನು ಎರಡು ಸಲ ಓದಿದೆ. ಬೆಂಗಳೂರಿನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತವು ಪಾಕಿಸ್ತಾನವನ್ನು 39 ರನ್‌ಗಳಿಂದ ಸೋಲಿಸಿತ್ತು. ಮುಂಡರಗಿಯ ಮಾಮೂ ಮನೆಯ ಟಿ.ವಿ. ಮುಂದೆ ಓಣಿಯೇ ಸೇರಿತ್ತು. ವೆಂಕಟೇಶ್ ಪ್ರಸಾದ್ ಎಸೆತಕ್ಕೆ ಆಮಿರ್ ಸೊಹೈಲ್ ಬೌಲ್ಡ್ ಆದಾಗ ಅಬ್ಬಾ ಮಗುವಿನಂತೆ ಜಿಗಿದದ್ದು ನನಗೆ ನೆನಪಿದೆ. ಅಂಚಿನಲ್ಲಿ ಅವರು ಬರೆದದ್ದು ಮಾತ್ರ ನನಗೆ ಗೊತ್ತಿರಲಿಲ್ಲ: "ಬೆಳಿಗ್ಗೆ ಒಬ್ಬರು, ಇವತ್ತು ನೀವು ಯಾರ ಕಡೆ ಎಂದು ಕೇಳಿದರು. ಈ ವಹಿ ತೋರಿಸೋಣ ಎನಿಸಿತು. ತೋರಿಸಲಿಲ್ಲ."

ಅದೇ ವರ್ಷ ಜೂನ್‌ನಲ್ಲಿ ಸುನಿಲ್ ಜೋಶಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು. ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ ಹುಡುಗ. "ನಮ್ಮ ಗದಗ, ಜಿಲ್ಲೆ ಧಾರವಾಡ" ಎಂದು ಅಬ್ಬಾ ಬರೆದಿದ್ದಾರೆ. ಗದಗ ಜಿಲ್ಲೆಯಾದದ್ದು ಮರುವರ್ಷ, 1997ರಲ್ಲಿ.

ಅಷ್ಟರಲ್ಲಿ ನಾನು ಮದ್ರಸ ಸೇರಿದ್ದೆ. ಕಲಿತು ಬಂದವಳಿಗೆ ಕಲಿತದ್ದಕ್ಕಿಂತ ಕಲಿಸುವ ಆತುರವೇ ಹೆಚ್ಚು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಜೋಶಿ 10 ಓವರ್‌ಗಳಲ್ಲಿ 6 ಮೇಡನ್ ಮಾಡಿ, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅಬ್ಬಾ ಪತ್ರಿಕೆ ಹಿಡಿದು ಓಡೋಡಿ ಬಂದು, "ಮಗಳೇ, ಅಂಟು ಕಲಸವ್ವಾ" ಎಂದರು.

"ಈ ವಯಸ್ಸಿನಲ್ಲಿ ಆಟದ ಚಿತ್ರ ಅಂಟಿಸುತ್ತಾ ಕೂಡುವುದೇ ಅಬ್ಬಾ? ಈ ಸಮಯಕ್ಕೆ ನಾಳೆ ಏನು ಲೆಕ್ಕ ಕೊಡುತ್ತೀರಿ?" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಕತ್ತರಿಯನ್ನು ಗೂಡಿನಲ್ಲಿಟ್ಟು ನಮಾಝಿಗೆ ಹೋದರು. ಒಂದು ಹೊತ್ತಿನ ನಮಾಝನ್ನೂ ತಪ್ಪಿಸದ ಮನುಷ್ಯನಿಗೆ ನಾನು ಸಮಯದ ಬೆಲೆ ಹೇಳಿಕೊಟ್ಟಿದ್ದೆ! ಮತ್ತೆ ಆ ವಹಿಯನ್ನು ಅವರು ತೆಗೆದದ್ದನ್ನು ನಾನು ಕಾಣಲಿಲ್ಲ. 2011ರಲ್ಲಿ ಭಾರತ ವಿಶ್ವಕಪ್ ಗೆದ್ದಾಗಲೂ ಇಲ್ಲ.

ಈಗ ಕೊನೆಯ ಪುಟದಲ್ಲಿ ನೈರೋಬಿಯ ಆ ತುಣುಕು ನಾಲ್ಕು ಮಡಿಕೆಯಾಗಿ ಹಾಗೆಯೇ ಇತ್ತು. ಮಡಿಕೆಯ ಗೆರೆಯಲ್ಲಿ ಕಾಗದ ಹರಿದಿತ್ತು. ಅಂಚು ಖಾಲಿ.

ಮೊನ್ನೆ ರವಿವಾರ ಮಗನನ್ನು ಕೂರಿಸಿಕೊಂಡು ಮೈದಾ ಅಂಟು ಕುದಿಸಿದೆ. ತುಣುಕನ್ನು ಇಬ್ಬರೂ ಸೇರಿ ಅಂಟಿಸಿದೆವು. "ಇಲ್ಲಿ ಏನು ಬರೆಯೋದು ಅಮ್ಮಿ?" ಎಂದು ಅವನು ಖಾಲಿ ಅಂಚನ್ನು ತೋರಿಸಿದ.

ಪೆನ್ನು ತೆಗೆದುಕೊಂಡು ನಾನೇ ಬರೆದೆ: "ಅಂದು ಅಬ್ಬಾ ಅಂಟು ಕೇಳಿದ್ದರು. ನಾನು ಕಲಸಿಕೊಡಲಿಲ್ಲ."