ಬೀಡಿನ ಬಿರುಕಿಗೆ ಹೊಲಿಗೆ

ನಿಮ್ಮ ಹವ್ಯಾಸವೇನು ಎಂದು ಯಾರಾದರೂ ಕೇಳಿದರೆ ನನಗೆ ಇಕ್ಕಟ್ಟು. ಸಿಡ್ನಿಯ ಕನ್ನಡಿಗರ ಯುಗಾದಿ ಊಟದಲ್ಲಿ ಒಬ್ಬರು ತಮ್ಮ ಮಲ್ಲಿಗೆ ಬಳ್ಳಿಯ ಸುದ್ದಿ ತೆಗೆಯುತ್ತಾರೆ, ಇನ್ನೊಬ್ಬರು ಕರೋಕೆ ಹಾಡಿನದು. ನನ್ನ ಸರದಿ ಬಂದಾಗ “ಒಡೆದ ಬೀಡು ಕಬ್ಬಿಣಕ್ಕೆ ಹೊಲಿಗೆ ಹಾಕುತ್ತೇನೆ” ಎಂದರೆ ಒಬ್ಬಟ್ಟು ಬಡಿಸುವವರ ಕೈಯೂ ಗಳಿಗೆ ಹೊತ್ತು ನಿಲ್ಲುತ್ತದೆ. “ಏನೋ ಕಾರು ರಿಪೇರಿ ಮಾಡ್ತಾರೆ” ಎಂದು ಹೆಂಡತಿ ಮಾತು ಮುಗಿಸುತ್ತಾಳೆ. ಕಾರು ರಿಪೇರಿ ಮಾಡುವುದಕ್ಕೆ ನನಗೆ ಬರುವುದೇ ಇಲ್ಲ. ನಮ್ಮ ಮನೆಯ ಕಾರಿನ ಬ್ರೇಕ್ ಪ್ಯಾಡನ್ನು ದುಡ್ಡು ಕೊಟ್ಟು ಹಾಕಿಸುತ್ತೇನೆ.

ನಾನು ಕೈಯಿಡುವುದು ಮಾಜ್ದಾ ರೋಟರಿ ಎಂಜಿನ್ನಿನ ಪ್ಲೇಟುಗಳಿಗೆ ಮಾತ್ರ. ಈ ಎಂಜಿನ್ನಿಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಸೊಂಟ ಒಳಸರಿದ ಅಂಡಾಕಾರದ ಗೂಡಿನೊಳಗೆ ರೋಟರ್ ಎಂಬ ಹೊಟ್ಟೆ ಉಬ್ಬಿದ ತ್ರಿಕೋನವೊಂದು ತಿರುಗುತ್ತದೆ. ಅದು ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಂಡ ಕನಸಿದು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿತು. ಆಮೇಲೆ ಎಷ್ಟೋ ಕಂಪನಿಗಳು ಇದನ್ನು ಹಿಡಿದು ಕೈಬಿಟ್ಟವು. ಬಿಡದೆ ಹಟ ಹಿಡಿದದ್ದು ಹಿರೋಶಿಮಾದ ಮಾಜ್ದಾ. 1967ರಲ್ಲಿ ಅದರ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಬಂತು, 1991ರಲ್ಲಿ ನಾಲ್ಕು ರೋಟರಿನ 787ಬಿ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದಿತು. ಆಸ್ಟ್ರೇಲಿಯಾದವರಿಗೆ ಅದಕ್ಕೂ ಮೊದಲೇ ಈ ಹುಚ್ಚು ಹಿಡಿದಿತ್ತು. 1983ರಲ್ಲಿ ಆ್ಯಲನ್ ಮೊಫಟ್ ಮಾಜ್ದಾದ ರೋಟರಿ ಕಾರು ಆರ್‌ಎಕ್ಸ್-7ರಲ್ಲಿ ಇಲ್ಲಿನ ಟೂರಿಂಗ್ ಕಾರ್ ಚಾಂಪಿಯನ್ ಆದರು. ನಮ್ಮ ಕಡೆಗೂ ವಾಂಕೆಲ್ ಬಂದಿದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಕೈಜೋಡಿಸಿ ಕಟ್ಟಿದ ಪುಟ್ಟ ವಾಂಕೆಲ್ ಎಂಜಿನ್ ಹೊತ್ತು ನಿಶಾಂತ್ ಎಂಬ ಚಾಲಕರಹಿತ ವಿಮಾನ 2009ರಲ್ಲಿ ಕೋಲಾರದ ಬಳಿ ಹಾರಿತು. ಇದನ್ನು ಕೋಲಾರದವರಿಗೇ ನಾನು ಹೇಳಬೇಕಾಗಿ ಬರುತ್ತದೆ!

ಈಗ ಬಿರುಕಿನ ವಿಷಯ. ಮಾಜ್ದಾದ ಎರಡು ರೋಟರಿನ 13ಬಿ ಎಂಜಿನ್ ಐದು ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಉದ್ದುದ್ದದ ಬೋಲ್ಟುಗಳಿಂದ ಬಿಗಿದ ಅಟ್ಟಿ. ರೋಟರ್ ಓಡುವ ಎರಡು ಗೂಡುಗಳು ಅಲ್ಯೂಮಿನಿಯಂ. ಹಿಂದೆ, ಮುಂದೆ, ನಡುವೆ ಇರುವ ಮೂರು ಪ್ಲೇಟುಗಳು ಬೀಡು ಕಬ್ಬಿಣ. ಪಿಸ್ಟನ್ ಎಂಜಿನ್ನಿನ ಬ್ಲಾಕಿನಂತೆ ಎಲ್ಲವನ್ನೂ ಹೊತ್ತು ನಿಲ್ಲುವ ಒಂದೇ ಅಖಂಡ ಎರಕ ಇಲ್ಲಿಲ್ಲ. ತುಂಡುಗಳು ಸರಿದಾಡದಂತೆ ಹಿಡಿಯುವುದಕ್ಕೆ ಡವೆಲ್ ಪಿನ್ನುಗಳಿವೆ. ಕಾರ್ಖಾನೆಯಿಂದ ಬಂದಾಗ ಇದೇ ಎಂಜಿನ್ನಿನ ಜಪಾನಿ ಆರ್‌ಎಕ್ಸ್-7ರ ಶಕ್ತಿ ಹೆಚ್ಚೆಂದರೆ 280 ಅಶ್ವಶಕ್ತಿ. ಇಲ್ಲಿನ ಹುಡುಗರು ಬುಟ್ಟಿಯಷ್ಟು ದೊಡ್ಡ ಟರ್ಬೊ ಹಾಕಿ ಅದರಿಂದ ಮೂರು ಪಟ್ಟು ಹಿಂಡುತ್ತಾರೆ. ಆಗ ಇಡೀ ಅಟ್ಟಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದರ ಮೇಲೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಮುಗಿಯಿತು, ಹಿಂದಿನ ಪ್ಲೇಟಿನ ಮೇಲಿನ ಡವೆಲ್ ಗುಂಡಿಯ ಪಕ್ಕ ಗೋಡೆ ಸೀಳುತ್ತದೆ. ಮೊದಲೇ ಅಲ್ಲಿ ಕಬ್ಬಿಣ ತೆಳು, ಸಾಲದ್ದಕ್ಕೆ ಎಂಜಿನ್ ಆಯಿಲ್ ಹಾಯುವ ದಾರಿಯೂ ಅದೇ.

ಇಷ್ಟಕ್ಕೆಲ್ಲ ಬೀಡನ್ನು ಬೈಯುವವರಿದ್ದಾರೆ, ನನಗೆ ಅದು ಸರಿಕಾಣುವುದಿಲ್ಲ. ಬೀಡಿನೊಳಗೆ ಇಂಗಾಲ ಗ್ರಾಫೈಟಿನ ಪದರಗಳಾಗಿ ಹರಡಿ ಕೂತಿರುತ್ತದೆ. ಒತ್ತಿದರೆ ಎಷ್ಟು ಬೇಕಾದರೂ ತಡೆಯುವ, ನಡುಕವನ್ನು ನುಂಗಿಕೊಳ್ಳುವ, ರೋಟರಿನ ಸೀಲುಗಳು ಮೇಲೆ ಉಜ್ಜಾಡಿದರೂ ಬೇಗ ಸವೆಯದ ಸಜ್ಜನ ಲೋಹ ಅದು. ಎಳೆದರೆ ಮಾತ್ರ ಆ ಪದರಗಳ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ. ಎಳೆದವರು ನಾವು.

ಬಿರುಕು ಹುಡುಕುವುದರಲ್ಲೇ ಅರ್ಧ ಸುಖವಿದೆ. ಪ್ಲೇಟನ್ನು ತೊಳೆದು ಹಗ್ಗಕ್ಕೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತೇನೆ. ಗಟ್ಟಿ ಪ್ಲೇಟು ಹಾಡುತ್ತದೆ, ಒಡೆದದ್ದು ಗೊಣಗುತ್ತದೆ. ಆಮೇಲೆ ಕೆಂಪು ಬಣ್ಣದ ದ್ರವ ಬಳಿದು ಕಾಯುವುದು, ಮೇಲೆ ನಿಂತದ್ದನ್ನು ಒರೆಸಿ ತೆಗೆಯುವುದು, ಬಿಳಿ ಪುಡಿ ಸಿಂಪಡಿಸುವುದು. ಮೊದಲು ಏನೂ ಇರುವುದಿಲ್ಲ. ನೋಡನೋಡುತ್ತಿದ್ದಂತೆ ಬಿಳುಪಿನ ಮೇಲೆ ಕೂದಲೆಳೆಯ ಕೆಂಪು ಗೆರೆ ಮೂಡಿ, ಡವೆಲ್ ಗುಂಡಿಯಿಂದ ಹೊರಟು, ಒಂದು ಬೋಲ್ಟ್ ತೂತಿನ ಕಡೆ ಬಾಗಿ, ಅಲ್ಲಿಗೆ ಮುಟ್ಟದೆ ನಿಲ್ಲುತ್ತದೆ. ಗೆರೆ ಎಲ್ಲಿ ನಿಂತಿತು ಎನ್ನುವುದೇ ಮುಖ್ಯ. ಆ ತುದಿಯಲ್ಲಿ ಸಣ್ಣದೊಂದು ತೂತು ಕೊರೆದರೆ ಬಿರುಕಿನ ಚೂಪು ಹೋಗುತ್ತದೆ, ಅಲ್ಲಿಂದ ಮುಂದೆ ಸುಲಭವಾಗಿ ಹರಿಯುವುದಿಲ್ಲ.

ವೆಲ್ಡ್ ಮಾಡಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಮಾಡಬಹುದು. ಇಡೀ ಪ್ಲೇಟನ್ನು ನೂರಾರು ಡಿಗ್ರಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ತುಸುತುಸುವೇ ಬೆಸೆದು, ಪ್ರತಿ ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ, ಒಣ ಮರಳಿನಲ್ಲಿ ಹೂತು ನಿಧಾನಕ್ಕೆ ಆರಿಸಬೇಕು. ಅವಸರಪಟ್ಟರೆ ಬೆಸುಗೆಯ ಅಂಚಿನಲ್ಲಿ ಗಾಜಿನಂತೆ ಪೆಡಸಾದ ಕಬ್ಬಿಣ ಹುಟ್ಟಿ, ಹಳೆಯ ಬಿರುಕಿನ ಪಕ್ಕದಲ್ಲೇ ಹೊಸದು ಏಳುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಾದ ಪ್ಲೇಟು ಸೊಟ್ಟಗಾಗದೆ ಇರುತ್ತದೆ ಎಂದು ಭರವಸೆ ಕೊಡುವವರನ್ನು ನಾನು ನಂಬುವುದಿಲ್ಲ. ರೋಟರ್ ಉಜ್ಜುವ ಆ ಮುಖದಲ್ಲಿ 0.04 ಮಿಲಿಮೀಟರಿಗಿಂತ ಹೆಚ್ಚು ಡೊಂಕು ಇರಕೂಡದು.

ಅದಕ್ಕೇ ನನ್ನದು ಬೆಂಕಿಯಿಲ್ಲದ ಹೊಲಿಗೆ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಎಣ್ಣೆಬಾವಿಗಳಲ್ಲಿ, ಕಿಡಿ ಹಾರಿದರೆ ಊರೇ ಸುಟ್ಟುಹೋಗುವ ಕಡೆ, ಹುಟ್ಟಿದ ವಿದ್ಯೆ ಇದು. ಬಿರುಕಿನ ಮೇಲೆ ತೂತು ಕೊರೆದು, ಮರೆ (ಥ್ರೆಡ್) ಹಾಕಿ, ತಿರುಪಿನ ಪಿನ್ನು ಕೂರಿಸಬೇಕು. ಮುಂದಿನ ತೂತು ಈ ಪಿನ್ನಿನ ಅಂಚನ್ನೂ ಚೂರು ತಿಂದುಕೊಂಡೇ ಇಳಿಯಬೇಕು. ಹೀಗೆ ಒಂದನ್ನೊಂದು ಕಚ್ಚಿಕೊಂಡು ಬಿರುಕಿನುದ್ದಕ್ಕೂ ಸಾಲು. ಮಾಮೂಲಿ ತಿರುಪಿನ ಮರೆ ಬಿಗಿದಷ್ಟೂ ಪಕ್ಕಗಳನ್ನು ಹೊರಕ್ಕೆ ನೂಕುತ್ತದೆ. ಈ ಪಿನ್ನಿನ ಮರೆ ಕೊಕ್ಕೆಯಂತೆ ಬಾಗಿದ್ದು, ಬಿಗಿದಷ್ಟೂ ಎರಡೂ ದಡಗಳನ್ನು ಒಳಕ್ಕೆ ಸೆಳೆಯುತ್ತದೆ. ಇದನ್ನು ಯೋಚಿಸಿದ ತಲೆಗೆ ನಾನು ಶರಣು.

ಬೀಡನ್ನು ಕೊರೆಯುವಾಗ ಉಕ್ಕಿನಂತೆ ಸುರುಳಿ ಬರುವುದಿಲ್ಲ, ಕರಿ ಪುಡಿ ಉದುರುತ್ತದೆ. ಎಣ್ಣೆಯೂ ಬೇಡ, ಅದರದೇ ಗ್ರಾಫೈಟು ಜಾರು ಕೊಡುತ್ತದೆ. ಮಾಸ್ಕ್ ಹಾಕಿದ್ದರೂ ಮೂಗಿನ ಹೊಳ್ಳೆ ಪೆನ್ಸಿಲ್ ಕಪ್ಪಾಗುತ್ತದೆ, ಉಗುರಿನ ಸಂದಿಯ ಕಪ್ಪು ಸೋಮವಾರ ಆಫೀಸಿನ ಮೀಟಿಂಗಿಗೂ ಬರುತ್ತದೆ. ಪಿನ್ನಿನ ತಲೆ ‘ಟಕ್’ ಎಂದು ಮುರಿದುಕೊಂಡಿತೆಂದರೆ ಬಿಗಿ ಸಾಕಾಯಿತು ಎಂದರ್ಥ. ಆ ಸದ್ದಿಗಾಗಿ ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಎಷ್ಟು ಹೊತ್ತಾದರೂ ಬಗ್ಗಿ ನಿಂತಿರುತ್ತೇನೆ. ಕೊನೆಗೆ ತಲೆಗಳನ್ನೆಲ್ಲ ಗ್ರೈಂಡ್ ಮಾಡಿ ಸಮ ಮಾಡಿದರೆ ಸಾಲು ಕಂಡೂ ಕಾಣದಂತಿರುತ್ತದೆ.

ಆಮೇಲಿನದು ಲೆಕ್ಕದ ಕೆಲಸ. ಡವೆಲ್ ಗುಂಡಿಯನ್ನು ಅಗಲಿಸಿ ಉಕ್ಕಿನ ಬುಷ್ ಕೂರಿಸಬೇಕು, ಅದರ ನಡು ಹಳೆಯ ನಡುವಿನಿಂದ ಸರಿಯಬಾರದು. ಮುಖವನ್ನು ಉಜ್ಜಿ ಸಮ ಮಾಡಿದರೆ ಮೇಲಿನ ಗಡಸು ನೈಟ್ರೈಡ್ ಪದರ ಹೋಗುತ್ತದೆ, ಅದನ್ನು ಮತ್ತೆ ಮಾಡಿಸಬೇಕು. ಆಯಿಲ್ ದಾರಿಗೆ ಗಾಳಿಯ ಒತ್ತಡ ಕೊಟ್ಟು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು.

ಹೀಗೆ ಹೊಲಿದ ಪ್ಲೇಟು ಡ್ರ್ಯಾಗ್ ರೇಸಿಗಾಗುತ್ತದೆಯೇ? ಇಲ್ಲ. ಸಾವಿರ ಅಶ್ವಶಕ್ತಿ ಬೇಕೆನ್ನುವವರು ಅಖಂಡ ಗಟ್ಟಿಯಿಂದ ಕಡೆದ ಬಿಲೆಟ್ ಪ್ಲೇಟು ಕೊಳ್ಳಲಿ, ಬೋಲ್ಟಿನ ಬದಲು ದಪ್ಪ ಸ್ಟಡ್ಡುಗಳನ್ನೂ ಹೆಚ್ಚುವರಿ ಡವೆಲ್‌ಗಳನ್ನೂ ಹಾಕಿಸಲಿ. ನನ್ನ ಹೊಲಿಗೆ ರಸ್ತೆಯ ಮೇಲೆ ಭಾನುವಾರ ಓಡುವ ಹಳೆಯ ಕಾರಿಗೆ. ಅದಕ್ಕೂ ಒಂದು ಷರತ್ತಿದೆ: ಟ್ಯೂನಿಂಗ್ ಮೊದಲು ಸರಿಪಡಿಸಿಕೊಳ್ಳಬೇಕು. ಬಿರುಕು ತಂದದ್ದು ಸಿಡಿತ. ಅದು ಹಾಗೇ ಉಳಿದರೆ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸೀಳುತ್ತದೆ.

ನಿಮ್ಮ ಶೆಡ್ಡಿನಲ್ಲಿ ಒಡೆದ ಪ್ಲೇಟಿದ್ದರೆ ಗುಜರಿಗೆ ಹಾಕಬೇಡಿ. ಪಕ್ಕದ ಮನೆಯವನ ವೆಲ್ಡಿಂಗ್ ಮಷಿನ್ನಿಗಂತೂ ತೋರಿಸಲೇಬೇಡಿ. ಎಣ್ಣೆ ಒರೆಸಿ, ಒಣ ಜಾಗದಲ್ಲಿಟ್ಟು, ಹೊಲಿಯುವವರನ್ನು ಹುಡುಕಿ.